ಊರಿಗೆ ಹೊರಟಿದ್ದೀರಾ? ನಾಯಿಯ ಗುಳಿಗೆ ಯಾರ ಕೈಗೆ?

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಮನೆಗೇ ಬಂದು ನಾಯಿ, ಬೆಕ್ಕು ನೋಡಿಕೊಳ್ಳುವವರು ಸಿಗುತ್ತಾರೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಯಲ್ಲಿ ಆ ಕೆಲಸ ಹೆಚ್ಚಾಗಿ ಬೀಳುವುದು ಪಕ್ಕದ ಮನೆಯ ಅಕ್ಕನ ಮೇಲೆ, ಮೇಲಿನ ಬಾಡಿಗೆ ಕೋಣೆಯ ಕಾಲೇಜು ಹುಡುಗನ ಮೇಲೆ, ಇಲ್ಲವೇ ಬೆಳಿಗ್ಗೆ ಹಾಲು ಹಾಕಲು ಬರುವವರ ಮೇಲೆ. ಲಗ್ನದ ದಿನಗಳಲ್ಲೋ ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಗೋ ಮನೆಮಂದಿಯೆಲ್ಲ ಹೊರಟಾಗ, "ಎರಡು ದಿನ ನಾಯಿಗೆ ಒಂದೀಟು ರೊಟ್ಟಿ ಹಾಕ್ರಿ" ಎಂದರೆ ಯಾರೂ ಆಗಲ್ಲ ಎನ್ನುವುದಿಲ್ಲ. ನಾಯಿ ಔಷಧಿಯ ಮೇಲಿದ್ದರೆ ಮಾತ್ರ ಆ ಒಂದು ಮಾತು ಸಾಲದು. ಒಂದು ಹೊತ್ತಿನ ಅನ್ನ ತಪ್ಪಿದರೆ ನಾಯಿ ಹಸಿದಿರುತ್ತದೆ, ಅಷ್ಟೇ. ಫಿಟ್ಸ್ ಗುಳಿಗೆ ತಪ್ಪಿದರೆ ಅದರ ಜೀವಕ್ಕೇ ಕುತ್ತು ಬರಬಹುದು.

ನನ್ನ ಅನಿಸಿಕೆಯಲ್ಲಿ, ಔಷಧಿ ಕೊಡಲು ಬಾರದೆ ಕೆಡುವುದಕ್ಕಿಂತ, ಕೊಡಲಾಗಲಿಲ್ಲ ಎಂದು ಹೇಳಲು ಆಗದೆ ಕೆಡುವುದೇ ಹೆಚ್ಚು. ನಾಯಿ ಗುಳಿಗೆ ಉಗುಳಿತು ಎಂದರೆ ನೀವು ಬೇಜಾರಾದೀರಿ ಎಂಬ ದಾಕ್ಷಿಣ್ಯಕ್ಕೆ ನೆರೆಯವರು ಫೋನಿನಲ್ಲಿ "ಹಾಕೀನ್ರಿ" ಅಂದುಬಿಡುತ್ತಾರೆ. ಹಾಗಾಗಿ ಮೊದಲ ದಿನವೇ ಬಾಯಿಬಿಟ್ಟು ಹೇಳಿ: "ಅಕ್ಕಾರ, ಗುಳಿಗಿ ಹೋಗಲಿಲ್ಲ ಅಂದ್ರ ಹೋಗಲಿಲ್ಲ ಅಂತನ ಹೇಳ್ರಿ, ನಾವು ಡಾಕ್ಟರಿಗೆ ಕೇಳ್ತೀವಿ." ಮುಂದಿನ ತಯಾರಿಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ಆಳನ್ನು ಆರಿಸುವಾಗ ನಿಮ್ಮ ಸ್ನೇಹಕ್ಕಿಂತ ಪ್ರಾಣಿಯ ಒಪ್ಪಿಗೆ ನೋಡಿ. ನೀವು ಇಲ್ಲದಾಗಲೂ ಅವರು ಗೇಟು ತೆಗೆದರೆ ನಾಯಿ ಬಾಲ ಅಲ್ಲಾಡಿಸಬೇಕು, ಬಾಯಿ ಮುಟ್ಟಲು ಬಿಡಬೇಕು. ಕಚ್ಚುವ ಸ್ವಭಾವವಿದ್ದರೆ ಗುಳಿಗೆ ಹಾಕಲು ಯಾರನ್ನೂ ಒಪ್ಪಿಸಬೇಡಿ. ಪ್ರಯಾಣ ಮುಂದಕ್ಕೆ ಹಾಕಿ, ಇಲ್ಲವೇ ಮನೆಯವರೊಬ್ಬರು ಉಳಿಯಿರಿ. ಲಸಿಕೆ ಹಾಕಿಸಿದ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕೆಂಬುದನ್ನು ಅವರಿಗೆ ತಿಳಿಸಿರಿ. ರೇಬೀಸ್ ಲಸಿಕೆಯ ಕಾರ್ಡು ಔಷಧಿಯ ಡಬ್ಬಿಯಲ್ಲೇ ಇರಲಿ.

ಹೊರಡುವುದಕ್ಕೆ ಒಂದು ವಾರ ಮುಂಚೆ ಪಶುವೈದ್ಯರನ್ನು ಕಂಡು ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ. ಊಟದ ಮುಂಚೆಯೋ ಆಮೇಲೆಯೋ? ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು? ಗುಳಿಗೆ ನುಂಗಿ ವಾಂತಿ ಮಾಡಿಕೊಂಡರೆ ಮತ್ತೆ ಕೊಡಬೇಕೋ ಬೇಡವೋ? ಗುಳಿಗೆಯನ್ನು ಪುಡಿ ಮಾಡಬಹುದೇ? ಈ ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಕೆಲವು ಗುಳಿಗೆಗಳ ಹೊರಪದರವೇ ಔಷಧಿ ನಿಧಾನವಾಗಿ ಇಳಿಯಲೆಂದು ಮಾಡಿದ್ದು; ಕುಟ್ಟಿ ಹಾಕಿದರೆ ಲೆಕ್ಕ ತಪ್ಪುತ್ತದೆ. ಯಾವ ಔಷಧಿಗಾದರೂ ತಪ್ಪಿದ ಹೊತ್ತಿನದನ್ನು ಸೇರಿಸಿ ಎರಡು ಪಟ್ಟು ಕೊಡಬಾರದು ಎಂಬುದನ್ನು ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ.

ಇನ್ನು ಕೈಯ ಪಾಠ. ತೋರಿಸಿದರೆ ಬರುವ ವಿದ್ಯೆ ಅಲ್ಲ ಇದು. ಮೊದಲ ದಿನ ನೀವು ಹಾಕಿ, ಅವರು ನೋಡಲಿ. ಎರಡನೆಯ ದಿನ ಅವರು ಹಾಕಲಿ, ನೀವು ಪಕ್ಕದಲ್ಲಿರಿ. ಮೂರನೆಯ ದಿನ ನೀವು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ನೀವು ಕಣ್ಣಿಗೆ ಬಿದ್ದರೆ ನಾಯಿ ನಿಮ್ಮ ಹತ್ತಿರ ಓಡಿ ಬರುತ್ತದೆ, ನಿಜವಾದ ಪರೀಕ್ಷೆ ಆಗುವುದೇ ಇಲ್ಲ.

ಗುಳಿಗೆಯನ್ನು ಇಡೀ ತಟ್ಟೆಯ ಊಟದಲ್ಲಿ ಕಲಸಬೇಡಿ. ಅರ್ಧ ಉಂಡು ಬಿಟ್ಟರೆ ಎಷ್ಟು ಔಷಧಿ ಹೋಯಿತೆಂದು ಹೇಳುವುದು ಹೇಗೆ? ಮೆತ್ತನೆಯ ಜೋಳದ ರೊಟ್ಟಿಗೆ ತುಪ್ಪ ಸವರಿ ಮೂರು ಸಣ್ಣ ಉಂಡೆ ಮಾಡಿ. ಮೊದಲನೆಯದು ಬರಿದು, ಎರಡನೆಯದರಲ್ಲಿ ಗುಳಿಗೆ, ಮೂರನೆಯದು ಬರಿದು. ಒಂದರ ಹಿಂದೆ ಒಂದು ಬೇಗ ಕೊಟ್ಟರೆ ಮುಂದಿನ ಉಂಡೆಯ ಆಸೆಗೆ ನಾಯಿ ನಡುವಿನದನ್ನು ಅಗಿಯದೆ ನುಂಗುತ್ತದೆ. ಆಮೇಲೆ ತುಟಿ ಎತ್ತಿ ದವಡೆಯ ಸಂದಿ ನೋಡಬೇಕು, ಸುತ್ತಲಿನ ನೆಲವನ್ನೂ ನೋಡಬೇಕು. ಪ್ಯಾಂಕ್ರಿಯಾಸ್ ತೊಂದರೆಯಂಥ ಪಥ್ಯದ ನಾಯಿಗೆ ತುಪ್ಪ ಬೇಡ. ಹಾಲಿನಲ್ಲಿ, ಮೊಸರಿನಲ್ಲಿ ಕೊಡುವ ಮುಂಚೆಯೂ ವೈದ್ಯರನ್ನು ಕೇಳಿ; ಕೆಲವು ಆ್ಯಂಟಿಬಯಾಟಿಕ್‌ಗಳನ್ನು ಹಾಲಿನ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಈರುಳ್ಳಿ ಹಾಕಿದ ಪಲ್ಯ, ಒಣದ್ರಾಕ್ಷಿ, ಚಾಕೊಲೇಟು ಇವುಗಳಲ್ಲಿ ಗುಳಿಗೆ ಬಚ್ಚಿಡಲೇಬಾರದು, ನಾಯಿಗೆ ಇವೇ ವಿಷ.

ಬೆಕ್ಕಿನ ಮಾತೇ ಬೇರೆ. ಟವೆಲಿನಲ್ಲಿ ಮೈ ಸುತ್ತಿ, ತಲೆ ಮಾತ್ರ ಹೊರಗಿಟ್ಟು ಹಿಡಿಯುವುದನ್ನು ಮೊದಲು ಕಲಿಸಿ. ಗುಳಿಗೆ ನುಂಗಿದ ಮೇಲೆ ಸಿರಿಂಜಿನಲ್ಲಿ 5 ಮಿಲಿಯಷ್ಟು ನೀರನ್ನು ಹನಿಹನಿಯಾಗಿ ಕುಡಿಸಬೇಕು. ಡಾಕ್ಸಿಸೈಕ್ಲಿನ್ ಆದರಂತೂ ಇದನ್ನು ಬಿಡುವಂತಿಲ್ಲ. ಒಣ ಗುಳಿಗೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಸಿರಪ್ ಕೊಡುವಾಗ ಸಿರಿಂಜು ಕೆನ್ನೆಯ ಪಕ್ಕದಿಂದ ಹೋಗಬೇಕು. ನೇರ ಗಂಟಲಿಗೆ ಚಿಮ್ಮಿಸಿದರೆ ಔಷಧಿ ಶ್ವಾಸಕೋಶಕ್ಕೆ ಇಳಿಯಬಹುದು, ನಾಯಿಗೂ ಇದೇ ಮಾತು. ಎಷ್ಟು ಮಿಲಿ ಎಂಬ ಗೆರೆಯ ಮೇಲೆ ಬಣ್ಣದ ಟೇಪು ಸುತ್ತಿಡಿ. ಕನ್ನಡಕ ಮರೆತು ಬಂದ ಅಜ್ಜಿಗೂ ಕಾಣಬೇಕು.

ನಮ್ಮ ಕಡೆ ಡಾಕ್ಸಿಸೈಕ್ಲಿನ್ ಹೆಸರು ಹೆಚ್ಚು ಕೇಳಿಬರುವುದು ಉಣ್ಣೆ ಜ್ವರದಿಂದ. ಉಣ್ಣೆ ಹುಳು ಕಚ್ಚಿ ಬರುವ ಎರ್ಲಿಕಿಯಾ ಸೋಂಕಿಗೆ ಸಾಮಾನ್ಯವಾಗಿ 3ರಿಂದ 4 ವಾರ ಈ ಔಷಧಿ ಕೊಡಬೇಕಾಗುತ್ತದೆ. ನಾಯಿ ಕೆಲವೇ ದಿನಗಳಲ್ಲಿ ಎದ್ದು ಓಡಾಡುತ್ತದೆ. "ಆರಾಮಾಗೇತಲ್ಲ, ಸುಮ್ನ ಯಾಕ ಗುಳಿಗಿ" ಎಂದು ಅಕ್ಕರೆಯಿಂದಲೇ ನಿಲ್ಲಿಸುವವರಿದ್ದಾರೆ. ಆರಾಮಾದ ಮೇಲೂ ಕೊನೆಯ ಗುಳಿಗೆಯವರೆಗೆ ಹಾಕಬೇಕೆಂಬುದನ್ನು ಕಾರಣ ಸಮೇತ ತಿಳಿಸಿ; ಕಾರಣ ಗೊತ್ತಿದ್ದವರು ಬಿಡುವುದಿಲ್ಲ.

ಫಿಟ್ಸ್‌ಗೆ ಫಿನೋಬಾರ್ಬಿಟಾಲ್ ತೆಗೆದುಕೊಳ್ಳುವ ನಾಯಿಗೆ 12 ತಾಸಿಗೊಮ್ಮೆ ಗುಳಿಗೆ ಬೀಳಲೇಬೇಕು, ಒಮ್ಮೆಲೇ ನಿಂತರೆ ಫಿಟ್ಸ್ ಜೋರಾಗಿ ಮರಳುತ್ತದೆ. ಬೆಳಿಗ್ಗೆ 7, ರಾತ್ರಿ 7 ಎಂದು ಅವರ ಮೊಬೈಲಿನಲ್ಲೇ ಅಲಾರಂ ಇಟ್ಟುಕೊಡಿ. ಫಿಟ್ಸ್ ಬಂದೇಬಿಟ್ಟರೆ ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಬೆರಳು ಹಾಕುವುದು ಯಾವುದೂ ಬೇಡ. ತಲೆಗೆ ಪೆಟ್ಟಾಗದಂತೆ ಸುತ್ತಲಿನ ಸಾಮಾನು ಸರಿಸಿ ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ, ಅಥವಾ ಒಂದು ನಿಂತು ಇನ್ನೊಂದು ಬಂದರೆ, ಕೂಡಲೇ ವೈದ್ಯರ ಹತ್ತಿರ ಒಯ್ಯಬೇಕು.

ಸಕ್ಕರೆ ಕಾಯಿಲೆಯ ಇನ್ಸುಲಿನ್ ಅನ್ನು ಹೊಸಬರ ಕೈಗೆ ಕೊಡಲು ಮೂರು ದಿನದ ಪಾಠ ಸಾಲದು, ವೈದ್ಯರ ಮುಂದೆಯೇ ಬರಿ ಸಲೈನಿನಲ್ಲಿ ಅಭ್ಯಾಸ ಮಾಡಿಸಿ. ಸಿರಿಂಜು 40 ಯೂನಿಟ್‌ನದೋ 100 ಯೂನಿಟ್‌ನದೋ ಎಂಬುದು ಬಾಟಲಿಗೆ ಹೊಂದಬೇಕು. ಅದಲುಬದಲಾದರೆ ಪ್ರಾಣಕ್ಕೇ ಸಂಚಕಾರ. ಪ್ರಾಣಿ ಊಟ ಬಿಟ್ಟ ದಿನ ಸೂಜಿ ಹಾಕದೆ ಮೊದಲು ವೈದ್ಯರಿಗೆ ಫೋನು ಮಾಡಬೇಕು. ತೂರಾಡಿದರೆ, ನಡುಗಿದರೆ ಒಸಡಿಗೆ ಸಕ್ಕರೆ ನೀರು ಸವರಿ ಆಸ್ಪತ್ರೆಗೆ ಓಡಬೇಕು. ಇನ್ಸುಲಿನ್ ಇರಬೇಕಾದದ್ದು ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಐಸಿನ ಖಾನೆಯಲ್ಲಿ ಬೇಡ. ಕರೆಂಟು ತಾಸುಗಟ್ಟಲೆ ಹೋದರೆ ಯಾರ ಮನೆಯ ಫ್ರಿಜ್ಜಿಗೆ ಒಯ್ಯಬೇಕೆಂದೂ ಮೊದಲೇ ಮಾತಾಡಿಡಿ.

ಗುಳಿಗೆಗಳನ್ನು ದಿನಕ್ಕೊಂದು ಕವರಿನಂತೆ ಹಾಕಿ, ಮೇಲೆ ತಾರೀಖು, ಹೊತ್ತು ಬರೆಯಿರಿ. ಎರಡು ದಿನದ ಔಷಧಿ ಹೆಚ್ಚಿಗೆ ಇರಲಿ. ಬಸ್ಸು ತಪ್ಪುತ್ತದೆ, ಲಗ್ನದ ಮನೆಯಲ್ಲಿ ಇನ್ನೊಂದು ದಿನ ಇರಿ ಎನ್ನುತ್ತಾರೆ. ಏಪ್ರಿಲ್, ಮೇ ಬಿಸಿಲಿಗೆ ಕಿಟಕಿಯ ಕಟ್ಟೆಯ ಮೇಲೆ ಡಬ್ಬಿ ಇಡಬೇಡಿ. ಮನೆಯವರ ಬಿ.ಪಿ., ಶುಗರ್ ಗುಳಿಗೆಗಳ ಜೊತೆಗಂತೂ ಬೇಡ. ಹಾಗೆಯೇ, ಜ್ವರ ಬಂದಂತಿದೆ ಎಂದು ಮನುಷ್ಯರ ಗುಳಿಗೆ ಕೊಡಬಾರದೆಂದು ಖಡಕ್ಕಾಗಿ ಹೇಳಿ. ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡ ಹಾಳು ಮಾಡುತ್ತವೆ. ನಾಯಿಯ ಉಣ್ಣೆಗೆ ಬೆನ್ನಿನ ಮೇಲೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಮುಟ್ಟಿಸಬಾರದು.

ಇಷ್ಟೆಲ್ಲವನ್ನೂ ಬಾಯಲ್ಲಿ ಹೇಳಿ ಬಿಟ್ಟರೆ ಅರ್ಧ ಮರೆತುಹೋಗುತ್ತದೆ. ದಪ್ಪ ಅಕ್ಷರದ ಒಂದು ಚೀಟಿ ಗೋಡೆಗೆ ಅಂಟಿಸಿ, ಹೀಗೆ:

ರಾಜಾ (ಕರಿ ನಾಯಿ, ತೂಕ 18 ಕೆ.ಜಿ.)
ಬೆಳಿಗ್ಗೆ 7: ಊಟ ಆದ ಮೇಲೆ ಬಿಳಿ ಗುಳಿಗೆ 1
ರಾತ್ರಿ 7: ಊಟ ಆದ ಮೇಲೆ ಬಿಳಿ ಗುಳಿಗೆ 1
ಉಗುಳಿದರೆ, ವಾಂತಿ ಮಾಡಿದರೆ: ಮತ್ತೆ ಹಾಕಬೇಡಿ, ನಮಗೆ ಫೋನು ಮಾಡಿ
ಊಟ ಬಿಟ್ಟರೆ, ಉಸಿರು ಏರಿದರೆ, ಬಿದ್ದರೆ: ಮೊದಲು ಡಾಕ್ಟರಿಗೆ, ಆಮೇಲೆ ನಮಗೆ

ಕೆಳಗೆ ಪಶುವೈದ್ಯರ, ನಿಮ್ಮ, ಗುರುತಿನ ಆಟೋದವರ ನಂಬರು ಇರಲಿ. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962 ಕೂಡ ಬರೆಯಿರಿ, ಆದರೆ ಅದೊಂದನ್ನೇ ನೆಚ್ಚಬೇಡಿ. ಊರಿನ ವೈದ್ಯರು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರೆ ಎಲ್ಲಿಗೆ ಎಂಬುದನ್ನು ಮೊದಲೇ ಕೇಳಿಡಿ. ಶಿವಮೊಗ್ಗ, ಗದಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಲಕೋಟೆಯಲ್ಲಿ ಸ್ವಲ್ಪ ದುಡ್ಡು, ಜೊತೆಗೆ "ನಾವು ಫೋನಿಗೆ ಸಿಗದಿದ್ದರೆ ಚಿಕಿತ್ಸೆ ಮಾಡಿ, ಖರ್ಚು ನಮ್ಮದು" ಎಂದು ಬರೆದು ಸಹಿ ಹಾಕಿದ ಚೀಟಿ ಇಡಿ. ಅದಿಲ್ಲದೆ ನೆರೆಯವರು ನಡುರಾತ್ರಿ ನಿರ್ಧಾರ ಮಾಡಲಾರದೆ ಒದ್ದಾಡುತ್ತಾರೆ.

ಗುಳಿಗೆ ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಲಿ, ಬರಿದಾದ ಕವರನ್ನು ಡಬ್ಬಿಗೇ ಹಾಕಲಿ. ಗಂಡ ಕೊಟ್ಟದ್ದು ಹೆಂಡತಿಗೆ ಗೊತ್ತಿಲ್ಲದೆ ಎರಡನೆಯ ಸಲ ಬೀಳುವುದು ಇದರಿಂದ ತಪ್ಪುತ್ತದೆ. ದಿನಕ್ಕೊಮ್ಮೆ ಫೋನು ಮಾಡಿದಾಗ "ಔಷಧಿ ಹಾಕಿದಿರೇನು" ಎಂದರೆ ಹೂಂ ಎಂಬ ಉತ್ತರ ಸಿಗುತ್ತದೆ. "ಇವತ್ತು ಹೆಂಗ ನುಂಗಿತ್ರಿ? ಎಷ್ಟು ಉಣ್ತು?" ಎಂದು ಕೇಳಿ, ಆಗ ನಡೆದದ್ದು ಹೊರಬರುತ್ತದೆ.

ಊರಿಂದ ಬಂದ ಮೇಲೆ ಉಳಿದ ಗುಳಿಗೆ ಎಣಿಸಿ. ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಯಾರನ್ನೂ ಬೈಯದೆ ಅದನ್ನು ಹಾಗೆಯೇ ವೈದ್ಯರಿಗೆ ತಿಳಿಸಿ. ಮುಂದಿನ ಚಿಕಿತ್ಸೆಯನ್ನು ಅವರು ಅದರ ಮೇಲೆ ನಿರ್ಧರಿಸುತ್ತಾರೆ. ನೋಡಿಕೊಂಡವರಿಗೆ ಬರಿ ಪ್ರಸಾದ ಕೊಟ್ಟು ಮುಗಿಸಬೇಡಿ. ಕಾಲೇಜು ಹುಡುಗನಾದರೆ ಮೊದಲೇ ಮಾತಾಡಿದ ದುಡ್ಡು ಕೊಡಿ; ಪಕ್ಕದ ಮನೆಯ ಅಕ್ಕ ದುಡ್ಡು ಮುಟ್ಟದಿದ್ದರೆ, ಅವರು ಊರಿಗೆ ಹೋದಾಗ ಅವರ ಆಕಳಿಗೆ ಹೊಟ್ಟು ಹಾಕುವ ಕೆಲಸ ನಿಮ್ಮದು.