ಕೈ ಎತ್ತಿಸುವ ಮುಂಚೆ

ಮಕ್ಕಳೇ, ಈಗೀಗ ನೀವು ಏನು ತೀರ್ಮಾನಿಸಬೇಕಾದರೂ ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಲ್ ಹಾಕುತ್ತೀರಿ. ಗಣೇಶನ ಹಬ್ಬಕ್ಕೆ ಮನೆಗೆಷ್ಟು ಚಂದಾ, ಅಪಾರ್ಟ್‌ಮೆಂಟಿನ ಕಾವಲಿನವರನ್ನು ಬದಲಿಸುವುದೋ ಬೇಡವೋ, ಯಾವುದೇ ಇರಲಿ, ಸಂಜೆಯೊಳಗೆ ಮೂವತ್ತಕ್ಕೆ ಹನ್ನೆರಡು ಎಂದು ಲೆಕ್ಕ ಸಿಕ್ಕಿಬಿಡುತ್ತದೆ. ಆ ಹನ್ನೆರಡು ಮಂದಿ ಯಾಕೆ ಬೇಡವೆಂದರು ಎಂದು ಯಾರೂ ವಿಚಾರಿಸುವುದಿಲ್ಲ. ಮುಂದೆ ಚಂದಾ ಕೇಳಲು ಹೋದಾಗ ಬಾಗಿಲು ತೆರೆಯದವರು, ಕೆಲಸಕ್ಕೆ ಕರೆದರೆ ಬಾರದವರು, ಎಲ್ಲದಕ್ಕೂ ಕೊಂಕು ತೆಗೆಯುವವರು ಬಹುಪಾಲು ಅವರೇ ಆಗಿರುತ್ತಾರೆ. ಆಗ ನೀವು ‘ಜನ ಸರಿಯಿಲ್ಲ’ ಎಂದು ನನ್ನ ಮುಂದೆ ಬಂದು ಕೂರುತ್ತೀರಿ.

ನಮ್ಮ ತಲೆಮಾರು ಇದಕ್ಕಿಂತ ಮೇಲಿತ್ತು ಎಂದು ತಿಳಿಯಬೇಡಿ. ನಮ್ಮ ಠರಾವು ಪುಸ್ತಕಗಳನ್ನು ತೆಗೆದು ನೋಡಿದರೆ ಪುಟಪುಟದಲ್ಲೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿರುತ್ತದೆ. ಎಷ್ಟೋ ಸಲ ಸಭೆಯೇ ನಡೆದಿರುವುದಿಲ್ಲ. ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬಂದಿರುತ್ತದೆ, ಅಷ್ಟೆ.

1946ರ ಡಿಸೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಛೋಟಾನಾಗಪುರದ ಜೈಪಾಲ್ ಸಿಂಗ್ ಮುಂಡಾ ಎದ್ದು ನಿಂತರು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿ ತಂಡದ ನಾಯಕರಾಗಿದ್ದವರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಕಲಿಸಲು ಹೋಗಬೇಡಿ, ಅದನ್ನು ಅವರಿಂದ ನೀವೇ ಕಲಿಯಬೇಕಾಗಿದೆ ಎಂಬರ್ಥದ ಮಾತನ್ನು ಅವರು ಅಂದು ಆಡಿದರು. ಅದನ್ನು ಬರೀ ಅಭಿಮಾನದ ಮಾತೆಂದು ತಳ್ಳಿಹಾಕುವವರು ಒಮ್ಮೆ ಮೆಂಢಾ-ಲೇಖಾದ ಕಥೆ ಕೇಳಬೇಕು.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆ, ಧಾನೋರಾ ತಾಲ್ಲೂಕಿನಲ್ಲಿ ನೂರರ ಆಸುಪಾಸು ಮನೆಗಳಿರುವ ಗೊಂಡರ ಊರು ಅದು. ಅಲ್ಲಿನ ಗ್ರಾಮಸಭೆಯಲ್ಲಿ ಕೈ ಎತ್ತಿಸಿ ಎಣಿಸುವ ರೂಢಿಯಿಲ್ಲ. ಎಲ್ಲರೂ ಒಪ್ಪಿದರೆ ತೀರ್ಮಾನ. ಒಬ್ಬರು ಒಪ್ಪದಿದ್ದರೂ ವಿಷಯ ಮುಂದಿನ ಸಭೆಗೆ ಹೋಗುತ್ತದೆ, ಬೇಕಾದರೆ ಅದರ ಮುಂದಿನದಕ್ಕೆ. ಹೀಗಾದರೆ ಯಾವ ಕೆಲಸವೂ ಸಾಗುವುದಿಲ್ಲ ಎಂದು ನೀವು ಹೇಳುವ ಮುಂಚೆ ಅಲ್ಲಿ ಸಾಗಿದ್ದನ್ನು ನೋಡಿ. 2009ರಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದ ದೇಶದ ಮೊದಮೊದಲ ಊರುಗಳಲ್ಲಿ ಅದೂ ಒಂದಾಯಿತು. ಸುಮಾರು 1,800 ಹೆಕ್ಟೇರ್ ಕಾಡು. ಆದರೆ ಬಿದಿರು ಮರದ ಲೆಕ್ಕಕ್ಕೆ ಬರುತ್ತದೆ, ಕಿರು ಅರಣ್ಯ ಉತ್ಪನ್ನವಲ್ಲ ಎಂದು ಅರಣ್ಯ ಇಲಾಖೆ ಅದರ ಸಾಗಣೆಗೆ ಪರವಾನಗಿ ಕೊಡಲಿಲ್ಲ. ಊರು ಪಟ್ಟು ಬಿಡಲಿಲ್ಲ. 2011ರ ಏಪ್ರಿಲಿನಲ್ಲಿ ಕೇಂದ್ರದ ಪರಿಸರ ಸಚಿವ ಜೈರಾಂ ರಮೇಶ್ ಊರಿಗೇ ಬಂದು ಪರವಾನಗಿ ಪುಸ್ತಕವನ್ನು ಗ್ರಾಮಸಭೆಯ ಕೈಗಿತ್ತರು. 2013ರಲ್ಲಿ ಊರಿನವರು ತಮ್ಮ ತಮ್ಮ ಹೊಲಗದ್ದೆಗಳನ್ನೇ ಗ್ರಾಮದಾನವಾಗಿ ಸಭೆಗೆ ಒಪ್ಪಿಸಲು ತೀರ್ಮಾನಿಸಿದರು. ಒಂದು ಗೇಣು ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ಕಂಡ ನನಗೆ ಇದು ಇಂದಿಗೂ ಬೆರಗು.

ಅವರಿಂದ ನೀವು ಕಲಿಯಬೇಕಾದ್ದು ಬರೀ ಒಮ್ಮತವಲ್ಲ, ಒಮ್ಮತಕ್ಕೆ ಮುಂಚಿನ ಕೆಲಸ. ಅಲ್ಲಿ ‘ಅಭ್ಯಾಸ ಗಟ’ ಎಂಬ ಬೇರೆಯದೇ ಕೂಟವಿದೆ. ಬಿದಿರೋ, ಜೇನೋ, ಹೊಸ ಕಾನೂನೋ, ಆಸಕ್ತಿಯುಳ್ಳವರು ಸೇರಿ ಅದನ್ನು ಕೂಲಂಕಷವಾಗಿ ಓದಿ ತಿಳಿಯುತ್ತಾರೆ, ಹೊರಗಿನ ಬಲ್ಲವರನ್ನೂ ಕರೆಸಿ ಕೇಳುತ್ತಾರೆ. ಆದರೆ ತೀರ್ಮಾನಿಸುವ ಅಧಿಕಾರ ಆ ಕೂಟಕ್ಕಿಲ್ಲ. ಆದ್ದರಿಂದಲೇ ಅಲ್ಲಿ ಯಾರೂ ಗೆಲ್ಲಬೇಕಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬಹುದು, ನಿನ್ನೆಯ ಅಭಿಪ್ರಾಯವನ್ನು ಇಂದು ಬದಲಿಸಬಹುದು. ನಮ್ಮಲ್ಲಾದರೋ ವಿಷಯ ಮೊದಲು ಕಿವಿಗೆ ಬೀಳುವುದೂ, ಚರ್ಚೆಯಾಗುವುದೂ, ಮತಕ್ಕೆ ಹೋಗುವುದೂ ಒಂದೇ ಗಂಟೆಯಲ್ಲಿ. ಬಾಯಿ ಜೋರಿದ್ದವರದ್ದೇ ನಡೆಯುವುದರಲ್ಲಿ ಆಶ್ಚರ್ಯವೇನಿದೆ? ಮೆಂಢಾದವರು ಕುಡಿತದ ವಿಚಾರದಲ್ಲೂ ಹೀಗೆಯೇ, ಒಬ್ಬರ ಮೇಲೊಬ್ಬರು ಹಟ ಸಾಧಿಸಲಿಲ್ಲ. ಮಾತಾಡಿ ಮಾತಾಡಿ, ಪೂಜೆಪುನಸ್ಕಾರಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದು ಬೇಡ ಎಂಬಲ್ಲಿಗೆ ಬಂದು ನಿಂತರು.

ಒಡಿಶಾದ ನಿಯಮಗಿರಿಯನ್ನೂ ನೆನೆಯಿರಿ. ಬಾಕ್ಸೈಟ್ ಗಣಿಯ ವಿಚಾರದಲ್ಲಿ ಗ್ರಾಮಸಭೆಗಳನ್ನೇ ಕೇಳಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರ ಮತ್ತು ಅವರ ನೆರೆಯವರ ಹನ್ನೆರಡು ಹಳ್ಳಿಗಳನ್ನು ಸರ್ಕಾರ ಆರಿಸಿತು. ನ್ಯಾಯಾಧೀಶರ ಎದುರಿಗೇ ಹನ್ನೆರಡೂ ಬೇಡ ಎಂದವು. ಒಂದು ಹಳ್ಳಿಯೂ ಒಡೆಯಲಿಲ್ಲ.

ಹಾಗೆಂದು ಆದಿವಾಸಿಗಳದ್ದೆಲ್ಲ ಚಿನ್ನವೆಂದು ಕಣ್ಣಿಗೊತ್ತಿಕೊಳ್ಳಬೇಡಿ. ಅನೇಕ ಬುಡಕಟ್ಟುಗಳ ಹಳೆಯ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಬಾಯಿಯೇ ಇರಲಿಲ್ಲ. ನಾಗಾಲ್ಯಾಂಡಿನಲ್ಲಿ ಪುರಸಭೆಗಳ ಮೂರನೇ ಒಂದು ಪಾಲು ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡುವುದನ್ನು ಬುಡಕಟ್ಟು ಸಂಘಟನೆಗಳೇ ವಿರೋಧಿಸಿ 2017ರಲ್ಲಿ ದೊಡ್ಡ ಗಲಭೆಯಾಯಿತು. ಆ ಮೀಸಲಾತಿಯೊಡನೆ ಚುನಾವಣೆ ನಡೆದದ್ದು 2024ರಲ್ಲಿ. ಅರ್ಧ ಊರನ್ನು ಹೊರಗೆ ಕೂರಿಸಿ ಪಡೆದ ಒಮ್ಮತ ಒಮ್ಮತವೇ ಅಲ್ಲ. ಮೆಂಢಾದವರು ಹೆಂಗಸರನ್ನು ಸಭೆಗೆ ಕರೆತಂದರು. ನನಗೆ ಅವರ ಮೇಲೆ ಗೌರವ ಹೆಚ್ಚಿರುವುದು ಅದಕ್ಕೇ. ಒಮ್ಮತದ ಹೆಸರಿನಲ್ಲಿ ಯಜಮಾನನ ಮುಖ ನೋಡಿ ಎಲ್ಲರೂ ತಲೆಯಾಡಿಸುವುದೂ ಉಂಟು. ಸುಮ್ಮನಿದ್ದವರು ಒಪ್ಪಿದರೆಂದು ಎಂದೂ ಬರೆದುಕೊಳ್ಳಬೇಡಿ.

ದೂರದವರ ಮಾತೇ ಏಕೆ, ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೇ 2011ರಲ್ಲಿ ಸೋಲಿಗರ ಪೋಡುಗಳ, ಎಂದರೆ ಹಾಡಿಗಳ, ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಅವರ ನಡುವೆ ಹೋಗುವುದಾದರೆ ಭಾಷಣ ಮಾಡಲು ಹೋಗಬೇಡಿ. ಹಿಂದೆ ಕೂತು ಕೇಳಿ ಬನ್ನಿ.

ಇಷ್ಟೆಲ್ಲ ಮಾತಿಗೆ ಹೊತ್ತೆಲ್ಲಿದೆ ತಾತ ಎನ್ನುತ್ತೀರಿ. ನಿಜ, ಬೆಂಕಿ ಬಿದ್ದಾಗ ಸಭೆ ಕರೆಯಲಾಗದು. ಕೋಟಿಗಟ್ಟಲೆ ಜನ ಸರ್ಕಾರ ಆರಿಸುವಾಗ ಬಹುಮತವಲ್ಲದೆ ದಾರಿಯಿಲ್ಲ. ಆದರೆ ನಿಮ್ಮ ಅಪಾರ್ಟ್‌ಮೆಂಟು, ಯುವಕ ಸಂಘ, ಆಫೀಸಿನ ತಂಡ ಮೆಂಢಾಕ್ಕಿಂತ ದೊಡ್ಡವೇನಲ್ಲ. ಎಲ್ಲ ವಿಷಯಕ್ಕೂ ಬೇಡ. ಜಾರಿಗೆ ಎಲ್ಲರ ಕೈಯೂ ಬೇಕಾದ ವಿಷಯಕ್ಕಾದರೂ ತಿಳಿಯುವ ಸಭೆಯನ್ನೂ ತೀರ್ಮಾನದ ಸಭೆಯನ್ನೂ ಬೇರೆ ಬೇರೆ ದಿನ ಇಟ್ಟುಕೊಳ್ಳಿ. ನಡುವಿನ ದಿನಗಳಲ್ಲಿ ಬೇಡ ಎಂದವರ ಮನೆಗೆ ಒಬ್ಬರು ಹೋಗಿ ಬನ್ನಿ. ಅಧ್ಯಕ್ಷರನ್ನು ಮಾತ್ರ ಕಳಿಸಬೇಡಿ, ಅವರು ಒಪ್ಪಿಸಲಿಕ್ಕೇ ಹೋಗುತ್ತಾರೆ.