ವಿದೇಶ ವ್ಯಾಪಾರ ಪ್ರವಾಸದಲ್ಲಿ ಜೇಬುಗಳ್ಳರಿಂದ ರಕ್ಷಣೆ: ಬಾರ್ಸಿಲೋನಾ ನಗರವನ್ನು ಮುಂದಿಟ್ಟುಕೊಂಡು ಒಂದು ಅಧ್ಯಯನ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ 2006ರಿಂದ ನಡೆಯುತ್ತ ಬಂದಿರುವ ಮೊಬೈಲ್ ವರ್ಲ್ಡ್ ಕಾಂಗ್ರೆಸ್ ಮೇಳಕ್ಕೆ ಬೆಂಗಳೂರಿನ ತಂತ್ರಾಂಶ ಹಾಗೂ ದೂರಸಂಪರ್ಕ ಉದ್ಯಮದ ಪ್ರತಿನಿಧಿಗಳು ಹೋಗಿಬರುವುದು ರೂಢಿಯಾಗಿದೆ. 2019ರಲ್ಲಿಯೂ 2024ರಲ್ಲಿಯೂ ಈ ಮೇಳಕ್ಕೆ ಬಂದವರ ಸಂಖ್ಯೆ ಲಕ್ಷವನ್ನು ಮೀರಿತ್ತು. ಅಷ್ಟು ಜನ ವ್ಯವಹಾರಸ್ಥರು, ಅದರಲ್ಲಿಯೂ ನಗರದ ಹಾದಿಬೀದಿ ತಿಳಿಯದವರು, ಕೊರಳಲ್ಲಿ ಹೆಸರಿನ ಪಟ್ಟಿ ಧರಿಸಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಹೊತ್ತು, ಒಂದೇ ವೇಳೆಗೆ ಮೆಟ್ರೋ ನಿಲ್ದಾಣದಲ್ಲಿ ಇಳಿಯುವರೆಂಬ ಸಂಗತಿಯು ಆ ಊರಿನ ಜೇಬುಗಳ್ಳರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಮೇಳದ ದಿನಾಂಕವನ್ನು ವರ್ಷ ಮುಂಚೆಯೇ ಪ್ರಕಟಿಸಲಾಗುತ್ತದೆ!

ಜೇಬುಗಳ್ಳತನವನ್ನು ಸಾಮಾನ್ಯವಾಗಿ ಪ್ರವಾಸಿಗರ ಸಣ್ಣ ತಾಪತ್ರಯವೆಂದು ಭಾವಿಸಲಾಗುತ್ತದೆ. ವ್ಯಾಪಾರಕ್ಕೆಂದು ಹೋದವರ ಪಾಲಿಗೆ ಅದು ಸಣ್ಣದಲ್ಲ. ಪರ್ಸಿನಲ್ಲಿದ್ದ 200 ಯೂರೋ ಹೋದರೆ ನಷ್ಟ 200 ಯೂರೋ ಮಾತ್ರ. ಪಾಸ್‌ಪೋರ್ಟ್ ಹೋದರೆ ಮುಂದಿನ ದೇಶದಲ್ಲಿ ಗೊತ್ತಾಗಿದ್ದ ಭೇಟಿ ತಪ್ಪುತ್ತದೆ. ಮೊಬೈಲ್ ಹೋದರೆ ಬ್ಯಾಂಕಿನ ಬಾಗಿಲೇ ಮುಚ್ಚಿದಂತಾಗುತ್ತದೆ, ಏಕೆಂದರೆ ಓಟಿಪಿ ಬರುವುದು ಆ ಮೊಬೈಲಿಗೇ. ಆದುದರಿಂದ ಕಳ್ಳನನ್ನು ತಡೆಯುವುದು ಹೇಗೆಂಬುದರ ಜೊತೆಗೆ, ಒಂದು ವೇಳೆ ಕಳವಾದರೂ ಕೆಲಸ ನಿಲ್ಲದಂತೆ ಸಾಮಾನುಗಳನ್ನು ಹೇಗೆ ಹಂಚಿಡಬೇಕೆಂಬುದನ್ನು ಹೊರಡುವ ಮುನ್ನವೇ ಯೋಚಿಸಬೇಕಾಗುತ್ತದೆ.

ಕೈಚಳಕದ ಹಿಂದಿನ ವ್ಯವಸ್ಥೆ

ನಮ್ಮ ಜಾತ್ರೆ, ಸಂತೆಗಳ ನೂಕುನುಗ್ಗಲಿನಲ್ಲಿ ಕತ್ತರಿ ಹಾಕುವವರ ಪರಿಚಯ ಎಲ್ಲರಿಗೂ ಇದೆ. ಯೂರೋಪಿನ ದೊಡ್ಡ ನಗರಗಳಲ್ಲಿ ಈ ಕಸುಬು ಬಹುಮಟ್ಟಿಗೆ ತಂಡದ ಕಸುಬು. ಒಬ್ಬನು ಗಿರಾಕಿಯನ್ನು ಗುರುತಿಸುತ್ತಾನೆ. ಇನ್ನೊಬ್ಬನು ಅಡ್ಡ ನಿಂತು ಆತನ ನಡಿಗೆಯನ್ನು ಒಂದೆರಡು ಕ್ಷಣ ತಡೆಯುತ್ತಾನೆ. ಮೂರನೆಯವನ ಕೈ ಜೇಬಿಗೆ ಇಳಿಯುತ್ತದೆ. ತೆಗೆದ ವಸ್ತು ಮರುಗಳಿಗೆಯಲ್ಲಿಯೇ ನಾಲ್ಕನೆಯವನ ಕೈ ಸೇರುತ್ತದೆ. ಅನುಮಾನ ಬಂದವನನ್ನು ಹಿಡಿದು ತಡಕಿದರೂ ಏನೂ ಸಿಗದಿರುವುದು ಈ ಕಾರಣದಿಂದ. ನೋಡುವವರಿಗೆ ಆತನು ನಿರಪರಾಧಿಯಾಗಿಯೂ ಹಿಡಿದವನೇ ಜಗಳಗಂಟನಾಗಿಯೂ ಕಾಣಿಸುತ್ತಾನೆ.

ತಂಡವು ಆರಿಸಿಕೊಳ್ಳುವ ಸ್ಥಳಗಳಲ್ಲಿ ಎದ್ದು ಕಾಣುವಂಥದು ಮೆಟ್ರೋ ರೈಲಿನ ಬಾಗಿಲು. ಬಾರ್ಸಿಲೋನಾದ ಮೂರನೆಯ ಮಾರ್ಗವು ಸಾಂಟ್ಸ್ ರೈಲು ನಿಲ್ದಾಣ, ಪ್ಲಾಸಾ ಎಸ್ಪಾನ್ಯಾ, ರಾಂಬ್ಲಾ ಬೀದಿಯ ಲಿಸೆಯು, ಪ್ಲಾಸಾ ಕತಲೂನ್ಯಾ ಇವೆಲ್ಲವನ್ನೂ ಜೋಡಿಸುತ್ತದೆ. ಹೊರಗಿನಿಂದ ಬಂದವರು ಈ ಮಾರ್ಗವನ್ನು ಬಳಸದೆ ಇರುವುದು ಕಷ್ಟ. ರೈಲು ಬಂದು ನಿಂತಾಗ ಹತ್ತುವವರ ಮುಂದೆ ಒಬ್ಬನು ಏನನ್ನೋ ಬೀಳಿಸಿದವನಂತೆ ಬಗ್ಗಿ ನಿಲ್ಲುತ್ತಾನೆ. ಹಿಂದಿನವರು ನೂಕುತ್ತಾರೆ. ನೂಕುನುಗ್ಗಲಿನಲ್ಲಿ ಮೈಗೆ ಮೈ ತಾಗುವುದು ಸಹಜವಾದ್ದರಿಂದ ಜೇಬಿನ ಸ್ಪರ್ಶ ಪ್ರತ್ಯೇಕವಾಗಿ ತಿಳಿಯುವುದಿಲ್ಲ. ಬಾಗಿಲು ಮುಚ್ಚುವ ಸದ್ದು ಕೇಳುತ್ತಿದ್ದಂತೆ ತಂಡದವರು ಹಿಂದಕ್ಕೆ ಹಾರಿ ನಿಲ್ದಾಣದಲ್ಲಿಯೇ ಉಳಿಯುತ್ತಾರೆ. ಪರ್ಸು ಕಳೆದುಕೊಂಡವನನ್ನು ರೈಲು ಹೊತ್ತೊಯ್ಯುತ್ತದೆ. ಚಲಿಸುವ ಮೆಟ್ಟಿಲಿನ ತುದಿಯಲ್ಲಿಯೂ ನಡೆಯುವುದು ಇದೇ: ಮುಂದಿನವನು ಥಟ್ಟನೆ ನಿಲ್ಲುತ್ತಾನೆ, ಹಿಂದಿನವನು ಮೈಮೇಲೆ ಬೀಳುತ್ತಾನೆ.

ಕಳ್ಳನಿಗೊಂದು ಪಿಳ್ಳೆ ನೆವ ಎಂಬ ಗಾದೆಗೆ ಬೀದಿಯಲ್ಲಿ ಹಲವು ರೂಪಗಳಿವೆ. ಕೋಟಿನ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆಯೆಂದು ತೋರಿಸಿ ಒರೆಸಲು ಬರುವ ಸಹೃದಯ, ಮನವಿ ಪತ್ರಕ್ಕೆ ಸಹಿ ಕೇಳುತ್ತ ರಟ್ಟಿನ ಹಲಗೆಯನ್ನು ಎದೆಯ ಮಟ್ಟಕ್ಕೆ ಹಿಡಿದು ಕೆಳಗಿನದನ್ನು ಮರೆಮಾಡುವ ಯುವತಿ, ಕಾಲಿಗೆ ಕಾಲು ತೊಡರಿಸಿ ಕಾಲ್ಚೆಂಡಿನ ಆಟ ಕಲಿಸುವೆನೆಂದು ಅಪ್ಪಿಕೊಳ್ಳುವ ತರುಣ. ಇವರೆಲ್ಲರೂ ಬೇರೆ ಬೇರೆ ವೇಷದ ಒಂದೇ ಪಾತ್ರಧಾರಿಗಳು. ಸಾದಾ ಉಡುಪಿನ ಪೊಲೀಸನೆಂದು ಹೇಳಿಕೊಂಡು, ಖೋಟಾ ನೋಟಿನ ತಪಾಸಣೆಗೆಂದು ಪರ್ಸು ಕೇಳುವವನೂ ಉಂಟು. ಬೀದಿಯಲ್ಲಿ ನಿಲ್ಲಿಸಿ ನೋಟು ಎಣಿಸುವುದು ನಿಜವಾದ ಪೊಲೀಸರ ಕೆಲಸವಲ್ಲವೆಂಬುದನ್ನು ನೆನಪಿಟ್ಟರೆ ಸಾಕು.

ಇಷ್ಟು ಸಾಮಾನ್ಯ ತಂತ್ರಗಳಿಗೆ ವಿದ್ಯಾವಂತರೂ ಬಲಿಯಾಗುವುದೇಕೆ? ಜೇಬಿಗೆ ಕೈ ಹಾಕುವ ಮೊದಲು ಗಮನವನ್ನು ಕದಿಯಲಾಗಿರುತ್ತದೆ. ಅಮೆರಿಕದ ಅಪೊಲೊ ರಾಬಿನ್ಸ್ ಎಂಬ ಕೈಚಳಕದ ಕಲಾವಿದ 2001ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಅಂಗರಕ್ಷಕರ ಜೇಬುಗಳನ್ನೇ ಖಾಲಿ ಮಾಡಿ ತೋರಿಸಿ ಹೆಸರಾದರು. ಕಾವಲೇ ವೃತ್ತಿಯಾದವರ ಪಾಡು ಹೀಗಾದರೆ ಉಳಿದವರ ಮಾತೇನು? ಇದೇ ರಾಬಿನ್ಸ್ ಅವರ ಜೊತೆಗೂಡಿ ನರವಿಜ್ಞಾನಿಗಳು ನಡೆಸಿದ, 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಕುತೂಹಲಕರ ಸಂಗತಿಯನ್ನು ಹೊರಗೆಡಹಿತು. ಕೈಯು ಕಮಾನಿನಂತೆ ಬಾಗಿ ಚಲಿಸಿದಾಗ ನೋಡುವವನ ದೃಷ್ಟಿಯು ಆ ಕೈಯನ್ನೇ ಹಿಂಬಾಲಿಸುತ್ತದೆ. ನೇರ ಗೆರೆಯಲ್ಲಿ ಚಲಿಸಿದಾಗ ಹಾಗೆ ಅಂಟಿಕೊಳ್ಳುವುದಿಲ್ಲ. ಕಣ್ಣಿಗೆ ಮಣ್ಣೆರಚುವುದೆಂದರೆ ಇದೇ. ಆದುದರಿಂದ "ಎಚ್ಚರವಾಗಿರಬೇಕು" ಎಂಬ ಬರಿಯ ಸಂಕಲ್ಪವನ್ನು ನಂಬಿ ಹೊರಡುವುದು ಜಾಣತನವಲ್ಲ. ಇಡೀ ದಿನ ಮಳಿಗೆಯಲ್ಲಿ ನಿಂತು, ವಿಮಾನ ಪ್ರಯಾಣದ ನಿದ್ದೆಗೇಡು ತೀರದೆ, ಸಂಜೆ ಮೆಟ್ರೋ ಹತ್ತುವ ಮನುಷ್ಯನಲ್ಲಿ ಎಚ್ಚರ ಎಷ್ಟು ಉಳಿದಿರುತ್ತದೆ? ಎಚ್ಚರ ತಪ್ಪಿದಾಗಲೂ ಕಾಯುವಂಥ ವ್ಯವಸ್ಥೆ ಬೇಕು. "ಜೇಬುಗಳ್ಳರಿದ್ದಾರೆ" ಎಂಬ ಫಲಕ ಕಂಡೊಡನೆ ಜನ ತಮಗರಿಯದೆಯೇ ಪರ್ಸಿರುವ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಾರೆಂಬುದು, ಹಾಗೆ ಮುಟ್ಟುವುದನ್ನು ನೋಡಲೆಂದೇ ಕಳ್ಳರು ಫಲಕದ ಬಳಿ ನಿಲ್ಲುತ್ತಾರೆಂಬುದು ಈ ವಿಷಯದಲ್ಲಿ ಬಹಳ ಹಳೆಯ ಮಾತು.

ಕಾನೂನು ಎಷ್ಟರಮಟ್ಟಿಗೆ ಕಾಯುತ್ತದೆ?

ಇಂಗ್ಲೆಂಡಿನಲ್ಲಿ 1808ರವರೆಗೆ ಜೇಬುಗಳ್ಳತನಕ್ಕೆ ಮರಣದಂಡನೆ ವಿಧಿಸಲು ಅವಕಾಶವಿತ್ತು. ಆದರೂ ಜೇಬುಗಳ್ಳರ ಸಂತತಿ ಅಳಿಯಲಿಲ್ಲ. ಸ್ಪೇನಿನ ದಂಡಸಂಹಿತೆಯಲ್ಲಿ 400 ಯೂರೋ ಒಂದು ಗಡಿ. ಕಳವಾದ ವಸ್ತುವಿನ ಮೌಲ್ಯ ಅದನ್ನು ಮೀರದಿದ್ದರೆ ಅದು ಲಘು ಅಪರಾಧ, ಶಿಕ್ಷೆ ಸಾಮಾನ್ಯವಾಗಿ ದಂಡ. ಪದೇ ಪದೇ ಸಿಕ್ಕಿಬೀಳುವವರ ಶಿಕ್ಷೆಯನ್ನು 2022ರ ತಿದ್ದುಪಡಿಯೊಂದು ಬಿಗಿಗೊಳಿಸಿತು. ಪ್ಯಾರಿಸ್ಸಿನಲ್ಲಿ 2013ರ ಏಪ್ರಿಲ್‌ನಲ್ಲಿ ಜೇಬುಗಳ್ಳರ ಹಾವಳಿ ತಾಳಲಾರದೆ ಲೂವ್ರ್ ವಸ್ತುಸಂಗ್ರಹಾಲಯದ ಸಿಬ್ಬಂದಿಯೇ ಕೆಲಸ ನಿಲ್ಲಿಸಿ, ಸಂಗ್ರಹಾಲಯವು ಒಂದು ದಿನ ಮುಚ್ಚಿತ್ತು. 2015ರ ಮೇ ತಿಂಗಳಲ್ಲಿ ಐಫೆಲ್ ಗೋಪುರದ ಸಿಬ್ಬಂದಿಯೂ ಇದೇ ಕಾರಣಕ್ಕೆ ಪ್ರತಿಭಟಿಸಿದ್ದರು. ಸ್ಥಳೀಯರಿಗೇ ಸಾಕುಬೇಕಾಗಿರುವಲ್ಲಿ, ನಾಲ್ಕು ದಿನದ ಅತಿಥಿಯು ಕಳ್ಳನ ಮೇಲೆ ಮೊಕದ್ದಮೆ ನಡೆಸಿ ವಸ್ತು ಹಿಂಪಡೆಯುವ ಆಸೆಯನ್ನು ಇಟ್ಟುಕೊಳ್ಳದಿರುವುದೇ ಲೇಸು. ಪೊಲೀಸ್ ದೂರಿನ ಮುಖ್ಯ ಪ್ರಯೋಜನವಿರುವುದು ವಿಮೆಗೆ, ಬ್ಯಾಂಕಿಗೆ, ಪಾಸ್‌ಪೋರ್ಟ್ ಕಚೇರಿಗೆ ಬೇಕಾಗುವ ಕಾಗದವಾಗಿ.

ಹೊರಡುವ ಮುನ್ನ

ಹಣದ ವಿಷಯ ಮೊದಲನೆಯದು. ಯೂರೋಪಿನ ಪ್ರವಾಸಕ್ಕೆ ಒಬ್ಬರು ಸಾಮಾನ್ಯವಾಗಿ 3,000 ಡಾಲರ್ ಮೌಲ್ಯದವರೆಗೆ ಮಾತ್ರ ವಿದೇಶಿ ನೋಟುಗಳನ್ನು ಒಯ್ಯಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ನೀಡಿದೆ. ನಿಯಮ ಅಷ್ಟಕ್ಕೆ ಅವಕಾಶ ಕೊಟ್ಟಿದೆಯೆಂದು ಅಷ್ಟನ್ನೂ ನೋಟಿನಲ್ಲಿಯೇ ಒಯ್ಯಬೇಕಾಗಿಲ್ಲ. ಒಂದು ದಿನದ ಖರ್ಚಿನಷ್ಟು ಮಾತ್ರ ಮುಂದಿನ ಜೇಬಿನಲ್ಲಿ, ಉಳಿದದ್ದು ಅಂಗಿಯೊಳಗಿನ ಬಟ್ಟೆಯ ಪಟ್ಟಿಯಲ್ಲಿ ಅಥವಾ ಹೋಟೆಲಿನ ತಿಜೋರಿಯಲ್ಲಿ ಇರುವುದು ಒಳ್ಳೆಯದು. ಪ್ಯಾಂಟಿನ ಹಿಂಬದಿಯ ಜೇಬು ಕಳ್ಳನ ಜೇಬೇ ಸರಿ.

ಎರಡು ಬೇರೆ ಬೇರೆ ಬ್ಯಾಂಕುಗಳ ಕಾರ್ಡುಗಳಿರಬೇಕು. ಒಂದು ಮೈಮೇಲೆ, ಇನ್ನೊಂದು ಹೋಟೆಲಿನಲ್ಲಿ. ಯೂರೋಪಿನಲ್ಲಿ ಸಾಮಾನ್ಯವಾಗಿ 50 ಯೂರೋವರೆಗಿನ ಪಾವತಿಯನ್ನು ಕಾರ್ಡನ್ನು ತಾಗಿಸಿದ ಮಾತ್ರಕ್ಕೆ, ಪಿನ್ ಕೇಳದೆಯೇ ಸ್ವೀಕರಿಸಲಾಗುತ್ತದೆ. ಭಾರತದಲ್ಲಿ ಕೇಳುವ ಓಟಿಪಿಯನ್ನು ವಿದೇಶಿ ಜಾಲತಾಣವೊಂದು ಕೇಳದೆಯೂ ಇರಬಹುದು. ಕಾರ್ಡಿನ ವಿದೇಶಿ ಬಳಕೆ, ತಾಗಿಸಿ ಪಾವತಿಸುವಿಕೆ, ಆನ್‌ಲೈನ್ ಬಳಕೆ ಇವನ್ನು ಗ್ರಾಹಕರೇ ಬೇಕೆಂದಾಗ ತೆರೆದು, ಬೇಡವೆಂದಾಗ ಮುಚ್ಚಿ, ಮಿತಿ ನಿಗದಿಪಡಿಸುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕು 2020ರಲ್ಲಿ ಎಲ್ಲ ಬ್ಯಾಂಕುಗಳಿಗೂ ಕಡ್ಡಾಯಗೊಳಿಸಿತು. ಹೋಟೆಲಿನಲ್ಲಿ ಉಳಿಯುವ ಕಾರ್ಡಿನ ವಿದೇಶಿ ಬಳಕೆಯನ್ನು ಮುಚ್ಚಿಟ್ಟು, ಅಗತ್ಯ ಬಿದ್ದಾಗ ತೆರೆಯಬಹುದು. ಇಷ್ಟು ಸುಲಭವಾದ ಕೆಲಸವನ್ನು ಮಾಡದೆಯೇ ಹೊರಡುವವರು ಹಲವರು.

ಮೊಬೈಲಿನ ವಿಷಯದಲ್ಲಿ ಇನ್ನೂ ಸ್ವಲ್ಪ ಮುಂದಾಲೋಚನೆ ಬೇಕು. ಬ್ಯಾಂಕಿಗೆ ನೋಂದಾಯಿಸಿದ ಸಿಮ್ಮನ್ನು ರೋಮಿಂಗ್ ಸೌಲಭ್ಯದೊಡನೆ ಅಗ್ಗದ ಸಾದಾ ಫೋನೊಂದರಲ್ಲಿ ಹಾಕಿ ಹೋಟೆಲಿನಲ್ಲಿಯೇ ಇಟ್ಟು, ದಿನನಿತ್ಯದ ಓಡಾಟಕ್ಕೆ ಸ್ಥಳೀಯ ಸಿಮ್ ಇರುವ ಫೋನನ್ನು ಬಳಸುವುದು ಉತ್ತಮ ಏರ್ಪಾಡು. ಬೀದಿಯಲ್ಲಿ ಫೋನು ಹೋದರೂ ಓಟಿಪಿ ಕೈಯಲ್ಲಿರುತ್ತದೆ. ಎರಡೂ ಸಿಮ್ಮುಗಳಿಗೆ ಪಿನ್ ಬೀಗ ಹಾಕಿರಬೇಕು. ನಕ್ಷತ್ರ, ಹ್ಯಾಶ್, 06, ಹ್ಯಾಶ್ ಒತ್ತಿದರೆ ಕಾಣುವ ಐಎಂಇಐ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು. ಅದೇ ಕಾಗದದಲ್ಲಿ ಬ್ಯಾಂಕುಗಳ ದೂರವಾಣಿಯೂ ಇರಲಿ. 1800ರಿಂದ ಆರಂಭವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಿಗದಿರುವ ಸಂಭವವೇ ಹೆಚ್ಚು. 91 ಸೇರಿಸಿ ಕರೆಯಬಹುದಾದ ಸಾಮಾನ್ಯ ಸಂಖ್ಯೆಯನ್ನು ಕೇಳಿ ಪಡೆದಿರಬೇಕು.

ಪಾಸ್‌ಪೋರ್ಟನ್ನು ಸದಾ ಹೊತ್ತು ತಿರುಗಬೇಕೆ, ಹೋಟೆಲಿನಲ್ಲಿ ಬಿಡಬೇಕೆ ಎಂಬುದು ಹಳೆಯ ಚರ್ಚೆ. ಕೆಲವು ದೇಶಗಳ ಕಾನೂನು ವಿದೇಶಿಯರಲ್ಲಿ ಮೂಲ ದಾಖಲೆಯನ್ನೇ ಬಯಸುತ್ತದೆ. ಅಲ್ಲಿ ಅದು ಅಂಗಿಯೊಳಗಿನ ಪಟ್ಟಿಯಲ್ಲಿರಬೇಕೇ ಹೊರತು ಕೋಟಿನ ಜೇಬಿನಲ್ಲಿ ಅಥವಾ ಲ್ಯಾಪ್‌ಟಾಪ್ ಚೀಲದಲ್ಲಿ ಅಲ್ಲ. ಉಳಿದೆಡೆ ತಿಜೋರಿಯಲ್ಲಿಟ್ಟು ನಕಲನ್ನು ಒಯ್ದರೆ ಸಾಕು. ಪಾಸ್‌ಪೋರ್ಟಿನ ಮುಖ್ಯ ಪುಟಗಳ, ವೀಸಾದ ನಕಲು ಹಾಗೂ ಎರಡು ಭಾವಚಿತ್ರಗಳು ಬೇರೆ ಪೆಟ್ಟಿಗೆಯಲ್ಲಿರಲಿ.

ಮೇಳದ ಆವರಣವೂ ಸುರಕ್ಷಿತವೆಂದು ತಿಳಿಯಬಾರದು. ಕೊನೆಯ ದಿನ ಮಳಿಗೆ ಬಿಚ್ಚುವ ಗಡಿಬಿಡಿ, ಹೋಟೆಲಿನ ಬೆಳಗಿನ ಉಪಾಹಾರದ ಸಭಾಂಗಣ, ಕೊಠಡಿಗಾಗಿ ಸಾಲು ನಿಂತ ಹೊತ್ತು. ಲ್ಯಾಪ್‌ಟಾಪ್ ಚೀಲಗಳು ಮಾಯವಾಗುವುದು ಇಂಥಲ್ಲಿಯೇ. ಕುರ್ಚಿಯ ಬೆನ್ನಿಗೆ ಚೀಲ ತೂಗುಹಾಕದೆ ಅದರ ಪಟ್ಟಿಯೊಳಗೆ ಕಾಲು ತೂರಿಸಿ ಕೂರಬೇಕು. ಆವರಣದಿಂದ ಹೊರಬಂದೊಡನೆ ಕೊರಳಿನ ಹೆಸರುಪಟ್ಟಿಯನ್ನು ತೆಗೆದಿಡಬೇಕು. ಹೆಸರು, ಸಂಸ್ಥೆ, ದೇಶ ಮೂರನ್ನೂ ಎದೆಯ ಮೇಲೆ ತೂಗುಹಾಕಿಕೊಂಡು ನಡೆಯುವವನನ್ನು ಪರಿಚಿತನಂತೆ ಮಾತಾಡಿಸುವುದು ವಂಚಕನಿಗೆ ಕಷ್ಟವೇನಲ್ಲ.

ಕಳವಾದ ಮೇಲಿನ ಮೊದಲ ಗಂಟೆ

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಗೆಪಾಟಲಿನ ಮಾತಾದರೂ, ಇಲ್ಲಿ ದಿಡ್ಡಿ ಬಾಗಿಲು ಹಾಕುವುದರಿಂದ ನಿಜವಾಗಿ ಲಾಭವುಂಟು. ಕಳ್ಳನ ಹಿಂದೆ ಓಡುವುದಕ್ಕಿಂತ ಮೊದಲು ಕಾರ್ಡನ್ನು ಸ್ಥಗಿತಗೊಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು, ಗ್ರಾಹಕನು ಬ್ಯಾಂಕಿಗೆ ತಿಳಿಸಿದ ನಂತರ ಆಗುವ ಅನಧಿಕೃತ ವಹಿವಾಟಿನ ನಷ್ಟವನ್ನು ಬ್ಯಾಂಕೇ ಭರಿಸಬೇಕೆಂದು ವಿಧಿಸಿತು. ಗ್ರಾಹಕನದೇ ನಿರ್ಲಕ್ಷ್ಯವಿದ್ದಲ್ಲಿ, ಉದಾಹರಣೆಗೆ ಕಾರ್ಡಿನ ಜೊತೆಯಲ್ಲಿ ಪಿನ್ ಬರೆದಿಟ್ಟಿದ್ದಲ್ಲಿ, ತಿಳಿಸುವವರೆಗಿನ ನಷ್ಟ ಅವನದೇ. ಹೀಗಾಗಿ ತಿಳಿಸಿದ ಸಮಯ ಮತ್ತು ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಅತ್ಯಗತ್ಯ. ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಪ್ರಯಾಣಕ್ಕೆ ಮುನ್ನ ತಮ್ಮ ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಬಳಿಕ ಪೊಲೀಸ್ ಠಾಣೆ. ಐರೋಪ್ಯ ಒಕ್ಕೂಟದಲ್ಲೆಲ್ಲ ತುರ್ತು ಕರೆಯ ಸಂಖ್ಯೆ 112. ಬಾರ್ಸಿಲೋನಾದಲ್ಲಿ ದೂರು ಪಡೆಯುವವರು ಮೊಸ್ಸೋಸ್ ದೆಸ್ಕ್ವಾದ್ರಾ ಎಂಬ ಕತಲೂನ್ಯಾ ಪ್ರಾಂತದ ಪೊಲೀಸರು. ದೂರಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ದೆನುನ್ಸಿಯಾ ಎನ್ನುತ್ತಾರೆ. ಕಳವಾದ ಪ್ರತಿಯೊಂದು ವಸ್ತುವಿನ ಹೆಸರೂ, ಪಾಸ್‌ಪೋರ್ಟ್ ಸಂಖ್ಯೆಯೂ ಅದರಲ್ಲಿ ಬರೆಯಲ್ಪಟ್ಟಿದೆಯೇ ಎಂದು ನೋಡಿಯೇ ಸಹಿ ಹಾಕಬೇಕು.

ಪಾಸ್‌ಪೋರ್ಟ್ ಹೋಗಿದ್ದರೆ ಭಾರತೀಯ ರಾಯಭಾರ ಕಚೇರಿಯ ನೆರವು ಬೇಕಾಗುತ್ತದೆ. ಬಾರ್ಸಿಲೋನಾದಲ್ಲಿ 2024ರ ಜುಲೈನಲ್ಲಿ ಭಾರತದ ಕಾನ್ಸುಲೇಟ್ ಕಾರ್ಯಾರಂಭ ಮಾಡಿದ್ದರಿಂದ, ಅಲ್ಲಿಗೆ ಹೋದವರು ಮೊದಲಿನಂತೆ ಮ್ಯಾಡ್ರಿಡ್‌ನ ರಾಯಭಾರ ಕಚೇರಿಯನ್ನೇ ನೆಚ್ಚಬೇಕಾಗಿಲ್ಲ. ಅಲ್ಲಿ ದೊರೆಯುವ ತುರ್ತು ಪ್ರಮಾಣಪತ್ರವು ಭಾರತಕ್ಕೆ ಹಿಂತಿರುಗಲು ಮಾತ್ರ ಸಲ್ಲುತ್ತದೆ. ಬಾರ್ಸಿಲೋನಾ ಮುಗಿಸಿ ಲಂಡನ್ನಿಗೆ ಹೋಗಬೇಕಿದ್ದವರು ಅದನ್ನು ಹಿಡಿದು ಲಂಡನ್ನಿಗೆ ಹೋಗಲಾಗದು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದಾದರೂ ಅದಕ್ಕೆ ಕಾಲ ಹಿಡಿಯುತ್ತದೆ. ಹಳೆಯ ಪಾಸ್‌ಪೋರ್ಟಿನಲ್ಲಿದ್ದ ಹತ್ತು ವರ್ಷದ ಅಮೆರಿಕ ವೀಸಾವೂ ಅದರೊಡನೆ ಹೋದಂತೆಯೇ. ಮತ್ತೆ ಹೊಸದಾಗಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಕಳವಾಯಿತೆಂದು ಒಮ್ಮೆ ವರದಿ ಮಾಡಿದ ಪಾಸ್‌ಪೋರ್ಟ್ ಆಮೇಲೆ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡಬಾರದು.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಪ್ರಚಲಿತವಿದೆ. ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ಮೊತ್ತದ ವಿಮೆ ವೈದ್ಯಕೀಯ ಖರ್ಚಿಗೆ ಮತ್ತು ತುರ್ತು ವಾಪಸಾತಿಗೆ ಸಂಬಂಧಿಸಿದ್ದು, ಕಳವಿಗಲ್ಲ. ಪಾಸ್‌ಪೋರ್ಟ್ ನಷ್ಟ, ಸಾಮಾನಿನ ನಷ್ಟ ಇವು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಸೇರಿವೆಯೇ ಎಂದು ನೋಡಬೇಕು. ನಿಗಾ ಇಲ್ಲದೆ ಬಿಟ್ಟ ಚೀಲಕ್ಕೆ ಸಾಮಾನ್ಯವಾಗಿ ಪರಿಹಾರ ದೊರೆಯುವುದಿಲ್ಲ.

ಮಾದರಿ ಸರಕುಗಳನ್ನು ಎಟಿಎ ಕಾರ್ನೆ ದಾಖಲೆಯ ಮೇಲೆ ಒಯ್ದ ರಫ್ತುದಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಮರಳಿ ತರುವ ಭರವಸೆಯ ಮೇಲೆ ಸುಂಕವಿಲ್ಲದೆ ಒಳಬಿಟ್ಟ ಸರಕು ಕಳವಾಯಿತೆಂದ ಮಾತ್ರಕ್ಕೆ ಸುಂಕದ ಹೊಣೆ ತಾನಾಗಿ ತಪ್ಪುವುದಿಲ್ಲ. ಪೊಲೀಸ್ ದೂರಿನ ಪ್ರತಿಯೊಡನೆ ಆ ದೇಶದ ಸುಂಕ ಅಧಿಕಾರಿಗಳಿಗೆ ಅಲ್ಲಿರುವಾಗಲೇ ಲಿಖಿತವಾಗಿ ತಿಳಿಸಿ, ಭಾರತದಲ್ಲಿ ಕಾರ್ನೆ ನೀಡುವ ಸಂಸ್ಥೆಯಾದ ಎಫ್‌ಐಸಿಸಿಐಗೂ ಅದೇ ದಿನ ವರದಿ ಕಳುಹಿಸಬೇಕು. ಕಾರ್ನೆ ಪುಸ್ತಕವನ್ನು ಮಾದರಿ ಸರಕಿನ ಪೆಟ್ಟಿಗೆಯಲ್ಲಿಯೇ ಇಡುವ ಅಭ್ಯಾಸ ಕೆಲವರಲ್ಲಿದೆ. ಪೆಟ್ಟಿಗೆ ಹೋದ ದಿನ ಸರಕಿನ ಪಟ್ಟಿಯೂ ಹೋಗಿರುತ್ತದೆ. ಆದಕಾರಣ ಪುಸ್ತಕವನ್ನೂ ಅದರ ನಕಲನ್ನೂ ಬೇರೆ ಬೇರೆ ಕಡೆ ಇಡತಕ್ಕದ್ದು.