ತೂತು ಬಿದ್ದ ಎಲೆಯನ್ನು ಮೊದಲು ನೋಡಿ

ತಮ್ಮಾ, ತಂಗೀ, ಹೊಳೆದಂಡೆಯ ಹೊಲ ಈಗ ನಿಮ್ಮ ಕೈಗೆ ಬಂದಿದೆ. ಜತೆಗೆ ಬೆನ್ನಿಗೆ ಕಟ್ಟುವ ಎಣ್ಣೆ ಹೊಡೆಯುವ ಪಂಪೂ ಬಂದಿದೆ. ಆ ಪಂಪಿನ ಬಗ್ಗೆಯೇ ನಿಮಗೆ ಹೇಳುವುದಿದೆ. ದಂಡೆಯ ಆಪಿನಲ್ಲಿ, ಕೆರೆಯಂಗಳದ ಕಸದಲ್ಲಿ ಎಲೆ ಮೇಯುವ ಹುಳು ಕಂಡ ಕೂಡಲೇ ವೈರಿ ಎಂದುಕೊಳ್ಳಬೇಡಿ. ಯಾವ ಹುಳು, ಯಾವ ಎಲೆ ಎಂದು ಬಾಗಿ ನೋಡಿ.

ನಮ್ಮದು ನೀರು ಏರಿಳಿಯುವ ಸೀಮೆ. ಆಲಮಟ್ಟಿ 519.6 ಮೀಟರಿಗೆ ತುಂಬಿದಾಗ ಹಳೇ ಬಾಗಲಕೋಟೆಯ ತಗ್ಗೆಲ್ಲ ಹಿನ್ನೀರು. ಬೇಸಿಗೆಯಲ್ಲಿ ನೀರು ಸರಿದರೆ ಅದೇ ಕೆಸರು ಹಸಿರಾಗುತ್ತದೆ. ಬದಾಮಿ ಸೀಮೆ ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವ ಮಲಪ್ರಭೆ 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತ್ತು. ಇಂಥ ನೆಲದಲ್ಲಿ ಗಿಡಕ್ಕೆ ಗೊಬ್ಬರವೂ ಉಂಟು, ನೀರೂ ಉಂಟು. ಅದನ್ನು ಹದ್ದಿನಲ್ಲಿಡುವುದು ತಿನ್ನುವ ಬಾಯಿ.

ಆ ಬಾಯಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಂತರಗಂಗೆಯನ್ನು ನೋಡಿ. ತಿಳಿನೇರಳೆ ಹೂವಿನ ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ಬಯಲು. ಹೂ ಚೆಂದವೆಂದು ಜನ ದೇಶದೇಶಕ್ಕೆ ಒಯ್ದರು. ಅದನ್ನು ತಿನ್ನುತ್ತಿದ್ದ ಹುಳು ಅಲ್ಲೇ ಉಳಿಯಿತು. ಹದವಾದ ನೀರು ಸಿಕ್ಕರೆ ಎರಡೇ ವಾರದಲ್ಲಿ ಇಮ್ಮಡಿಯಾಗುವ ಗಿಡ ಅದು.

1980ರ ದಶಕದ ಆರಂಭದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆ ಹುಳುವನ್ನೇ ತರಿಸಿದರು. ನಿಯೋಕೆಟಿನಾ ಎಂಬ ಬೂದುಗಂದು ಮೂತಿಹುಳು, ಅರ್ಧ ಸೆಂಟಿಮೀಟರಿನಷ್ಟು ಉದ್ದ. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಬೆಂಗಳೂರಿನ ಸುತ್ತಲಿನ ಕೆರೆಗಳಿಗೆ ಬಿಟ್ಟರು. ಪ್ರಾಯದ ಹುಳು ರಾತ್ರಿ ಎಲೆಯ ಮೇಲುಪದರ ಕೆರೆಯುತ್ತದೆ. ಮರಿ ತೊಟ್ಟಿನೊಳಗೆ ಕೊರೆಯುತ್ತ ಗಿಡದ ಬುಡಕ್ಕಿಳಿದು, ನೀರೊಳಗಿನ ಬೇರಿಗೆ ಗೂಡು ಕಟ್ಟುತ್ತದೆ. ಕೊರೆದ ತೊಟ್ಟಿಗೆ ನೀರು ಸೇರಿ ಕೊಳೆತು ಗಿಡ ಮುಳುಗುತ್ತದೆ. ಫಲ ಕಾಣಲು ಮೂರು-ನಾಲ್ಕು ವರ್ಷ ಹಿಡಿಯಿತು. ಹೊಲದಲ್ಲಿ ಒಂದೇ ವಾರದಲ್ಲಿ ಫಲ ಬೇಡುವ ನಿಮಗೆ ಆ ತಾಳ್ಮೆಯ ಕತೆ ಗೊತ್ತಿರಲಿ. ಅದೇ ಕಾಲದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳವನ್ನು ಮುಚ್ಚಿದ್ದ ಸಾಲ್ವಿನಿಯಾ ಎಂಬ ನೀರಜರಿಯನ್ನು ಇನ್ನೊಂದು ಮೂತಿಹುಳು ವರ್ಷದೊಳಗೆ ತಿಂದು ತೆರವು ಮಾಡಿತು; ನೈದಿಲೆ ಮತ್ತೆ ಚಿಗುರಿತು.

ನಮ್ಮ ಕಾಂಗ್ರೆಸ್ ಕಸದ ಮೇಲೆ ಮಳೆಗಾಲದಲ್ಲಿ ಕಾಣುವ ಗೆರೆಗೆರೆ ದುಂಬಿಯೂ ಹೀಗೆಯೇ ಮೆಕ್ಸಿಕೋದಿಂದ ಬಂದು, 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು. ಅದಕ್ಕೆ ಎಣ್ಣೆ ಹೊಡೆಯುವುದೆಂದರೆ ಬಿಟ್ಟಿ ಕೂಲಿಯಾಳನ್ನು ಹೊಡೆದೋಡಿಸಿದಂತೆ.

ಹೊರಗಿನಿಂದ ತಂದವಷ್ಟೇ ಅಲ್ಲ, ಇಲ್ಲಿಯವೂ ಇವೆ. ಕೆರೆಯಂಚಿನ ಕೊಳವಳಿಕೆ ಮುಳ್ಳುಗಿಡದ ಎಲೆ ಮೇಯುವ ಕಪ್ಪು ಕಂಬಳಿಹುಳುವೇ ನವಿಲುಗಣ್ಣಿನ ಚುಕ್ಕೆಯ ಕಿತ್ತಳೆ ಚಿಟ್ಟೆಯಾಗುತ್ತದೆ. ಹುನಗುಂದ, ಇಳಕಲ್ ಕಡೆಯ ಹಳ್ಳದ ಬದುಗಳನ್ನು ಬೋಳಿಸುವ ಮುನ್ನ ಅದನ್ನೂ ನೆನೆಯಿರಿ. ಹುಳು ಹೋದರೆ ಅದನ್ನು ಹೆಕ್ಕುವ ಹಕ್ಕಿಯೂ ಹೋಗುತ್ತದೆ.

ಒಂದು ಮಾತು ಕಟುವಾಗಿಯೇ ಹೇಳುತ್ತೇನೆ. ಊರ ಗಟಾರವನ್ನು ಹಳ್ಳಕ್ಕೆ ತಿರುಗಿಸಿ, ಕಬ್ಬಿಗೆ ಅಳತೆ ಮೀರಿ ಸುರಿದ ಯೂರಿಯಾವನ್ನು ಹೊಳೆಗೆ ಹರಿಸಿ, ಆಮೇಲೆ ಹುಳು ಕೆಲಸ ಮಾಡಲಿಲ್ಲ ಎನ್ನಬೇಡಿ. ಆ ಸಾರ ಕುಡಿದ ಅಂತರಗಂಗೆ ಹುಳು ತಿನ್ನುವುದಕ್ಕಿಂತ ಬೇಗ ಬೆಳೆಯುತ್ತದೆ. ಮೊದಲು ಗಟಾರವನ್ನು ಹಳ್ಳದಿಂದ ಬೇರೆಡೆಗೆ ತಿರುಗಿಸಿ.

ಕೆರೆಯಲ್ಲಿ ಅಂತರಗಂಗೆ ಕಂಡರೆ ಹೊತ್ತು ಮುಳುಗಿದ ಮೇಲೆ ಬ್ಯಾಟರಿ ಹಿಡಿದು ದಂಡೆಗೆ ಹೋಗಿ. ಎಲೆಯ ಮೇಲೆ ಚೌಕಚೌಕದ ಸಣ್ಣ ಗಾಯಗಳಿವೆಯೇ, ತೊಟ್ಟಿನ ಬುಡದಲ್ಲಿ ಹುಳು ಅಡಗಿದೆಯೇ ನೋಡಿ. ಇದ್ದರೆ, ಜೆಸಿಬಿ ತಂದು ಕಸ ಎತ್ತಿಸುವಾಗ ಎಲ್ಲವನ್ನೂ ಬಳಿಯದೆ ಹುಳುವಿರುವ ಒಂದು ಮೂಲೆ ಉಳಿಸಿ. ಇಲ್ಲವಾದರೆ ಹುಳುವೂ ಕಸದ ಜತೆ ದಂಡೆಗೆ ಬಿದ್ದು ಒಣಗಿ ಸಾಯುತ್ತದೆ, ಗಿಡ ಮಾತ್ರ ಬೀಜದಿಂದ ಮರಳುತ್ತದೆ. ಹುಳುವಿನ ಗುರುತು ಹತ್ತದಿದ್ದರೆ ಎಲೆಯ ಸಮೇತ ಡಬ್ಬಿಯಲ್ಲಿಟ್ಟು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ದು ಕೇಳಿ. ಅಲ್ಲಿಯವರೆಗೆ ಪಂಪನ್ನು ಮನೆಯಲ್ಲೇ ಬಿಡಿ.